ಚುಕ್ಕೆಯ ಜಾಗ

ಮಿನಾಸ್
11 ಮಾರ್ಚ್ 2013

ಈ ಲಕೋಟೆ ಒಡೆದವರು ಯಾರೇ ಆಗಿರಲಿ, ಮೊದಲು ಎದ್ದುಹೋಗಿ ಕೈ ತೊಳೆದುಕೊಂಡು ಬನ್ನಿ. ಸೋಪು ಹಚ್ಚಿ ತೊಳೆಯಿರಿ. ಅಂಗಿಗೆ ಒರೆಸಿಕೊಳ್ಳಬೇಡಿ, ಒಗೆದ ಬಟ್ಟೆಗೆ ಒರೆಸಿಕೊಳ್ಳಿ. ಒಳಗೆ ಹತ್ತಿಯಲ್ಲಿ ಸುತ್ತಿದ ಗಡಿಯಾರದ ಡಯಲ್ ಇದೆ. ಡಯಲ್ ಎಷ್ಟೇ ಕೆಟ್ಟದ್ದಿರಲಿ, ಅದರ ಮೇಲೆ ಹೆಬ್ಬೆಟ್ಟು ಒತ್ತುವವನನ್ನು ನಾನು ಮನುಷ್ಯರ ಪೈಕಿ ಸೇರಿಸುವುದಿಲ್ಲ. ಓದುತ್ತಿರುವುದು ನೀನೇ ಆಗಿದ್ದರೆ, ಗಾಸ್ತೋನ್, ಎರಡು ಸಲ ತೊಳೆದುಕೋ. ನೀನು ಕಳಿಸಿದಾಗ ಇದರ ಮೇಲೆ ತೊರ್ತಾ ಫ್ರಿತಾ ರೊಟ್ಟಿ ಕರಿದ ಎಣ್ಣೆಯ ಗುರುತಿತ್ತು. ಮಳೆ ಬಂದ ದಿನ ಬಾಣಲೆಯ ಪಕ್ಕದಿಂದ ಏಳದವನು ನಮ್ಮ ವಂಶದಲ್ಲಿ ನೀನೊಬ್ಬನೇ. ಆ ಹೆಬ್ಬೆಟ್ಟು ಯಾರದೆಂದು ನನಗೆ ಗೊತ್ತಾಗುವುದಿಲ್ಲವೆ?

ಎಂಟು ತಿಂಗಳು ಒಂದಕ್ಷರ ಇಲ್ಲ. ಆಮೇಲೆ ಬಸ್ಸಿನ ಪಾರ್ಸೆಲ್‌ನಲ್ಲಿ ಒಂದು ಡಯಲ್, ಜೊತೆಗೆ ಬೆರಳುದ್ದದ ಚೀಟಿ. ತಾತನ ವಾಚಿನ ಒಳಗಿನ ಮಷೀನಿಗೆ ಬೇರೆ ಕೇಸು ಹಾಕಿ ವಾಚು ಕಟ್ಟುತ್ತಿದ್ದೇನೆ, ಭಾನುವಾರದ ಸಂತೆಯಲ್ಲಿ ಈ ಡಯಲ್ ಸಿಕ್ಕಿತು, ಮರುಬಣ್ಣ ಮಾಡಿದ್ದಂತೆ, ಆದರೆ ಒಳ್ಳೆಯ ಕೆಲಸ ಅಂತಾನೆ ಮಾರುವವನು, ನೋಡಿ ಹೇಳು. ಅಷ್ಟೇ. ಅಜ್ಜಿ ಇದ್ದಾಳೋ ಸತ್ತಳೋ ಎನ್ನುವ ಮಾತಿಲ್ಲ. ಬಸ್ ಆಫೀಸಿನ ಗ್ಲಾದಿಸ್ ಪೊಟ್ಟಣ ಅಲ್ಲಾಡಿಸಿ, "ಅಮ್ಮಾ, ಇಷ್ಟು ಹಗುರ ಇದೆ, ಒಳಗೆ ಏನಾದ್ರೂ ಹಾಕಿದಾರೋ ಇಲ್ವೋ" ಅಂದಳು. "ನನ್ ಮೊಮ್ಮಗ ಕಳಿಸಿದ್ದು ಕಣೇ, ಅವನ ಪ್ರೀತಿ ಇರೋದೇ ಅಷ್ಟು ತೂಕ" ಅಂದೆ.

ಇರಲಿ. ಕೇಳಿದ್ದೀಯ, ಹೇಳುತ್ತೇನೆ. ಬೆಳಿಗ್ಗೆ ಹತ್ತರ ಬೆಳಕಿನಲ್ಲಿ ಕಿಟಕಿಯ ಪಕ್ಕ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದೆ. ನೀನೂ ಹಾಗೇ ನೋಡು. ನೇರ ಹಿಡಿಯಬೇಡ, ವಾರೆ ಹಿಡಿ. ಬಣ್ಣದ ಅಡಿಯಲ್ಲಿ ಉತ್ತ ಹೊಲದ ಹಾಗೆ ಗೆರೆ ಕಾಣುತ್ತವಲ್ಲ, ಅದು ಹಳೆಯ ಬಣ್ಣವನ್ನು ಉಪ್ಪುಕಾಗದದಲ್ಲಿ ಕೆರೆದು ತೆಗೆದ ಸೋಮಾರಿಯ ಕೆಲಸ. ಕಂಪನಿಯ ಹೆಸರನ್ನು ನೋಡು. ಮೊದಲ ಅಕ್ಷರ ಉಂಡು ಮಲಗಿದಂತಿದೆ, ಕೊನೆಯದು ಉಪವಾಸ. ಅಂಚಿನಲ್ಲಿ ಮಸಿ ಜಿನುಗಿದೆ. ನಿಮಿಷದ ಗೆರೆಗಳನ್ನು ಎಣಿಸು. ಏಳಕ್ಕೂ ಎಂಟಕ್ಕೂ ನಡುವೆ ನಾಲ್ಕಿರಬೇಕು, ಮೂರಿವೆ. ನಿನ್ನ ಒಳ್ಳೆಯ ಕೆಲಸಗಾರನ ಗಂಟೆಗೆ ಐವತ್ತೊಂಬತ್ತೇ ನಿಮಿಷ! ಮೂರರ ಪಕ್ಕ ಅಂಚಿನಲ್ಲಿ ಅರದಿಂದ ಮಾಡಿದ ಕಚ್ಚೂ ಇದೆ. ಅಚ್ಚಿನಲ್ಲಿ ಕೂರಿಸಿದಾಗ ಡಯಲ್ ತಿರುಗದಿರಲಿ ಅಂತ ಮಾಡುವುದು. ಕಾರ್ಖಾನೆಯಿಂದ ಬಂದ ಡಯಲಿಗೆ ಆ ಕಚ್ಚು ಇರುವುದಿಲ್ಲ. ಕಿವಿ ಕತ್ತರಿಸಿ ಗುರುತು ಮಾಡಿದ ಕುರಿ ಯಾರ ಹಿಂಡಿನದೆಂದು ತಾನೇ ಹೇಳುತ್ತದೆ ನೋಡು, ಹಾಗೆ.

ಹಿತ್ತಾಳೆ ಮಾತ್ರ ಒಳ್ಳೆಯದು. ಹಿಂದಿನ ಕಾಲು ಎರಡೂ ನೆಟ್ಟಗಿವೆ, ತಾತನ ಮಷೀನಿಗೆ ಸರಿಯಾಗಿ ಕೂರುತ್ತವೆ. ಆದರೆ ಈ ಮುಖವನ್ನು ಅದಕ್ಕೆ ಕೊಡಬೇಡ. ನಿನ್ನ ತಾತ ರುಫಿನೊ ಇಪ್ಪತ್ತೆಂಟು ವರ್ಷ ರೈಲಿನ ಗಾರ್ಡ್ ಆಗಿ ಆ ಮಷೀನು ನೋಡಿ ಹಸಿರು ಬಾವುಟ ಬೀಸಿದವನು. ಮೀನು ಹಿಡಿಯಲು ಹೋಗಿ ಹೊಳೆಗೆ ಬಿದ್ದಾಗ ಡಯಲ್ ಕೊಳೆತುಹೋಯಿತು, ಮಷೀನು ಬದುಕಿತು. ಗಂಡನೂ ಬದುಕಿದ, ನನ್ನ ಬೈಗುಳ ಇನ್ನೂ ಬಾಕಿ ಇತ್ತು. ಅಂಥ ಮಷೀನನ್ನು ಐವತ್ತೊಂಬತ್ತು ನಿಮಿಷದ ಕೆಳಗೆ ಓಡಿಸಬೇಡ.

ಕೈ ತೊಳೆದೇ ಬರೆದ,
ನಿನ್ನ ಅಜ್ಜಿ ಎರ್ಮೆಲಿಂದಾ


ಮಾಂಟೆವಿಡಿಯೊ
4 ಏಪ್ರಿಲ್ 2013

ಪ್ರೀತಿಯ ಅಜ್ಜಿ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ಡಯಲ್ ಮಾರಿದವನಿಗೆ ಐವತ್ತೊಂಬತ್ತು ನಿಮಿಷದ ಮಾತು ಹೇಳಿದೆ, ಅವನು ಇನ್ನೂ ಎಣಿಸುತ್ತಿದ್ದಾನೆ.

ಅದನ್ನೇ ವಾಪಸ್ ಕಳಿಸಿದ್ದೇನೆ. ನೀನೇ ಮಾಡಿಕೊಡು. ಕುಂಚ ಕೆಳಗಿಟ್ಟು ಆರು ವರ್ಷವಾಯಿತು, ಕೈ ನಡುಗುತ್ತದೆ ಅನ್ನಬೇಡ. ಹೋದ ಸಲ ಬಂದಾಗ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದ್ದನ್ನು ನೋಡಿದ್ದೇನೆ. ನೀನು ಬಣ್ಣ ಹಚ್ಚಿದ ಡಯಲ್, ತಾತನ ಮಷೀನು, ನನ್ನ ಕೈ. ಜುಲೈ ಒಂಬತ್ತು ತಾತ ಹೋದ ದಿನ ಅಲ್ಲವೆ? ಅವತ್ತು ಅದನ್ನು ಕಟ್ಟಿಕೊಂಡೇ ಮಿನಾಸ್‌ಗೆ ಬರುತ್ತೇನೆ.

ಇನ್ನೊಂದು ಮಾತು. ಆರರ ಕೆಳಗೆ ನೀನು ಇಡುವ ಚುಕ್ಕೆ ಇದಕ್ಕೆ ಬೇಡ. ನಾನೇ ತಾನೇ ಕಟ್ಟಿಕೊಳ್ಳುವುದು, ಯಾರು ನೋಡುತ್ತಾರೆ?

ನಿನ್ನ ಗಾಸ್ತೋನ್


ಮಿನಾಸ್
27 ಮೇ 2013

ಗಾಸ್ತೋನ್,

ಕೈ ತೊಳೆದಿದ್ದೀಯಾ? ಸರಿ, ಹತ್ತಿ ಬಿಚ್ಚು.

ಹೇಗಿದೆ? ಹೇಳಬೇಡ, ನನಗೇ ಗೊತ್ತು. ಮೂವತ್ತೊಂದು ದಿನ ಹಿಡಿಯಿತು. ಆ ಸೋಮಾರಿಯ ಬಣ್ಣ ಇಳಿಸಲು ಮೂರು ದಿನ, ಅವನು ಉತ್ತ ಹೊಲ ಸಮ ಮಾಡಲು ನಾಲ್ಕು ದಿನ. ಅರದ ಕಚ್ಚಿಗೂ ಹಿತ್ತಾಳೆ ತುಂಬಿ ಉಜ್ಜಿದ್ದೇನೆ, ಉಗುರು ಆಡಿಸಿ ನೋಡು, ಸಿಕ್ಕುವುದಿಲ್ಲ. ಆಮೇಲೆ ಬೆಳ್ಳಿಪುಡಿಗೆ ಉಪ್ಪು ಬೆರೆಸಿ ಹೆಬ್ಬೆರಳಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಿಮೈ ತಂದೆ. ಹಳೆಯ ಅಚ್ಚುಗಳೆಲ್ಲ ಅಂಗಡಿ ಮುಚ್ಚಿದಾಗಲೇ ಹೋದವು, ಹಾಗಾಗಿ ಅಂಕಿ ಅಕ್ಷರ ಗೆರೆ ಎಲ್ಲ ಕೈಯಲ್ಲೇ. ಬೆಳಿಗ್ಗೆ ಮಾಟೆ ಕಷಾಯ ಕುಡಿಯುವ ಮೊದಲು ಮಾತ್ರ ಕೂರುತ್ತಿದ್ದೆ. ಕುಡಿದರೆ ಕೈ ಕುಣಿಯುತ್ತದೆ. ಒಂದೆಳೆ ಕುಂಚ, ಉಸಿರು ಹಿಡಿದು ನಾಲ್ಕು ಗೆರೆ, ಉಸಿರು ಬಿಟ್ಟು ವಿಶ್ರಾಂತಿ.

ಪಕ್ಕದ ಮನೆಯ ಸುಲ್ಮಾ ಒಂದು ದಿನ ಬಾಗಿಲು ತಳ್ಳಿಕೊಂಡು ಬಂದವಳು ಕಿರುಚಿಕೊಂಡಳು. "ಅಯ್ಯೋ ಎರ್ಮೆಲಿಂದಾ, ಉಸಿರಾಡ್ತಿದೀಯೇನೇ?"

"ಇನ್ನೆರಡು ಗೆರೆ ಆದ್ಮೇಲೆ ಆಡ್ತೀನಿ. ಬಾಯಿ ಮುಚ್ಕೊಂಡು ಕೂತ್ಕೊ."

"ಎಪ್ಪತ್ತೆಂಟು ವರ್ಷಕ್ಕೆ ಯಾರಿಗೋಸ್ಕರನೇ ಈ ತಪಸ್ಸು?"

"ಬೈಸಿಕೊಳ್ಳೋಕೂ ಬಾರದ ಒಬ್ಬ ಮೊಮ್ಮಗ ಇದಾನಲ್ಲ, ಅವನಿಗೆ."

ಈಗ ಚುಕ್ಕೆಯ ಮಾತು. ಊಟದ ನಡುವೆ ಉಪ್ಪು ಕೇಳುವ ಹಾಗೆ ಕಾಗದದ ಕೊನೆಯಲ್ಲಿ ಕೇಳಿಬಿಟ್ಟೆ. ಅದು ಉಪ್ಪಲ್ಲ ಕಣೋ.

ಮರಿಸ್ಕಾಲಾದ ಹಳ್ಳಿ ಶಾಲೆಯಲ್ಲಿ ಮೂರು ವರ್ಷ ಕೂತು ಎದ್ದುಬಂದವಳು ನಾನು. ಹದಿನಾರಕ್ಕೆ ಮಾಂಟೆವಿಡಿಯೊದಲ್ಲಿ ಬೆರ್ನಾಟ್ ಮೇಷ್ಟ್ರ ಡಯಲ್ ಅಂಗಡಿ ಸೇರಿದೆ. ಅವರು ನನ್ನ ಕೈಗೆ ಕುಂಚ ಕೊಡುವ ಮೊದಲು ಕೊಟ್ಟದ್ದು ಒಂದು ನಿಯಮ. ಈ ಮೇಜಿನಿಂದ ಹೋಗುವ ಪ್ರತಿ ಡಯಲಿಗೂ ಆರರ ಕೆಳಗೆ, ಮೂವತ್ತೊಂದು ಮೂವತ್ತೆರಡನೆಯ ನಿಮಿಷದ ಗೆರೆಗಳ ನಡುವೆ, ಗಸಗಸೆ ಕಾಳಿನ ಕಾಲುಭಾಗದಷ್ಟು ಒಂದು ಕಪ್ಪು ಚುಕ್ಕೆ. ಕಟ್ಟಿಕೊಂಡವನ ಕಣ್ಣಿಗೆ ಬೀಳುವುದಿಲ್ಲ, ಭೂತಗನ್ನಡಿ ಹಿಡಿದು ಹುಡುಕುವವನಿಗೆ ತಪ್ಪುವುದಿಲ್ಲ. ಇದು ಮತ್ತೆ ಬಣ್ಣ ಕಂಡ ಡಯಲ್ ಎಂದು ಡಯಲೇ ಹೇಳಬೇಕು. ಒಮ್ಮೆ ದೊಡ್ಡ ಜಮೀನ್ದಾರನೊಬ್ಬ ಬಂದು, ಅಳಿಯನಿಗೆ ಮನೆತನದ ವಾಚು ಅಂತ ಕೊಡಬೇಕು, ಚುಕ್ಕೆ ಬಿಟ್ಟುಬಿಡಿ ಅಂದ. ಮೇಷ್ಟ್ರು ತಲೆ ಎತ್ತಲೇ ಇಲ್ಲ. "ಚುಕ್ಕೆ ಬೇಡಾಂದ್ರೆ ಡಯಲೂ ಬೇಡ ಸ್ವಾಮಿ. ಆ ಬಾಗಿಲು ಒಳಕ್ಕೂ ತೆರೆಯುತ್ತೆ, ಹೊರಕ್ಕೂ ತೆರೆಯುತ್ತೆ" ಅಂದರು. ಆ ವಾರ ಅಂಗಡಿಯಲ್ಲಿ ಬೇರೆ ಕೆಲಸವೇ ಇರಲಿಲ್ಲ. ಅಂಥ ಮನುಷ್ಯ. ಮೀಸೆಗೆ ಮಾತ್ರ ಕಪ್ಪು ಹಚ್ಚುತ್ತಿದ್ದರು. ಅದಕ್ಕೆ ಚುಕ್ಕೆ ಎಲ್ಲಿಟ್ಟಿದ್ದೀರಿ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಆ ಚುಕ್ಕೆಯಿಂದಲೇ ನನ್ನ ಮಾತಿಗೆ ಬೆಲೆ ಬಂತು. ಇವತ್ತಿಗೂ ಉರುಗ್ವೆಯ ಮೂಲೆಮೂಲೆಯಿಂದ ಗುರುತಿಲ್ಲದವರು ವಾಚು ಕಳಿಸಿ, ಇದು ಕೈ ಸೋಕದ ಡಯಲೋ ಮರುಬಣ್ಣದ್ದೋ ಹೇಳಮ್ಮ ಅಂತಾರೆ. ಅರ್ಧ ಹಾಳೆಯಲ್ಲಿ ಬರೆದು ಕಳಿಸುತ್ತೇನೆ. ಅದರ ಮೇಲೆ ಯಾರೂ ಎರಡನೆಯ ಮಾತಾಡುವುದಿಲ್ಲ. ತನ್ನ ಕೆಲಸವನ್ನೇ ಬಚ್ಚಿಡದವಳು ಬೇರೆಯವರದನ್ನು ಯಾಕೆ ಬಚ್ಚಿಟ್ಟಾಳು ಅನ್ನುವ ನಂಬಿಕೆ.

ಐವತ್ತೈದು ವರ್ಷದಲ್ಲಿ ಚುಕ್ಕೆಯಿಲ್ಲದ ಒಂದು ಡಯಲೂ ನನ್ನ ಮೇಜು ದಾಟಿಲ್ಲ.

ಇದು ದಾಟುತ್ತಿದೆ. ಕುಂಚಕ್ಕೆ ಕಪ್ಪು ಅದ್ದಿ ಎರಡು ಸಲ ಹತ್ತಿರ ಒಯ್ದೆ, ಎರಡು ಸಲವೂ ನಿನ್ನ ಮುಖ ಕಂಡಿತು. ನಿನ್ನ ಕೈಗೆ, ತಾತನ ಮಷೀನಿನ ಮೇಲೆ. ನಮ್ಮ ಮನೆಯೊಳಗೆ ನಾವು ಯಾರಿಗೆ ಏನು ಹೇಳಬೇಕು? ಮೇಷ್ಟ್ರು ಮಣ್ಣಿನಡಿ ಮಗ್ಗಲು ಬದಲಾಯಿಸಿರುತ್ತಾರೆ, ಬದಲಾಯಿಸಲಿ. ಆದರೆ ಒಂದು ಷರತ್ತು. ಈ ವಾಚು ನಿನ್ನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗಬಾರದು. ಹೋಗುವ ದಿನ ಬಂದರೆ ಮೊದಲು ನನ್ನ ಹತ್ತಿರ ಬರಬೇಕು.

ಜುಲೈ ಒಂಬತ್ತಕ್ಕೆ ಬಾ. ಪುಚೆರೊ ಸಾರಿಗೆ ಮೂಳೆ ಹೇಳಿಟ್ಟಿದ್ದೇನೆ.

ಅಜ್ಜಿ


ಮಾಂಟೆವಿಡಿಯೊ
14 ಜುಲೈ 2013

ಪ್ರೀತಿಯ ಅಜ್ಜಿ,

ಬರಲಾಗಲಿಲ್ಲ, ಕ್ಷಮಿಸು. ರಜೆ ಸಿಗಲಿಲ್ಲ, ಆಮೇಲೆ ನೆಗಡಿ. ವಾಚು ಎಷ್ಟು ಚಂದ ಬಂದಿದೆ ಅಂದರೆ, ನಮ್ಮ ವಾಚು ಕಟ್ಟುವವರ ಕೂಟದಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದರು. ಭೂತಗನ್ನಡಿ ಹಾಕಿಕೊಂಡು ಹತ್ತು ನಿಮಿಷ ನೋಡಿದವರಿದ್ದಾರೆ. ಯಾರಿಗೂ ಗೊತ್ತಾಗಲಿಲ್ಲ ಅಜ್ಜಿ! ಒಬ್ಬರಿಗೂ!

ಬೇಗ ಬರುತ್ತೇನೆ.

ಗಾಸ್ತೋನ್


ಮಿನಾಸ್
10 ಆಗಸ್ಟ್ 2013

ಗಾಸ್ತೋನ್,

ಪುಚೆರೊವನ್ನು ಸುಲ್ಮಾಳ ನಾಯಿ ತಿಂದಿತು. ನಿನ್ನ ಹೆಸರು ಹೇಳಿಯೇ ಹಾಕಿದೆ.

ಸುಲ್ಮಾ ಹೋದ ವಾರ ಮೊಣಕಾಲು ತೋರಿಸಲು ಮಾಂಟೆವಿಡಿಯೊಗೆ ಬಂದಿದ್ದಳು. ಭಾನುವಾರ ಸಂತೆಯಲ್ಲಿ ನಿನ್ನನ್ನು ಕಂಡಳಂತೆ. ನೆಗಡಿ ಇರಲಿಲ್ಲ, ಕೆಂಪಗೆ ಗುಂಡಗೆ ಇದ್ದೆಯಂತೆ. ಅವಳು ಬಂದು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅವನ ಎಡಗೈ ಬರೀ ಕೈ ಕಣೇ ಎರ್ಮೆಲಿಂದಾ."

"ಚಳಿ ಅಲ್ವಾ, ತೋಳು ಇಳಿಬಿಟ್ಟಿರ್ತಾನೆ."

"ತೋಳು ಮಡಚಿದ್ದ. ನಾನೇನು ಕುರುಡೀನಾ? ನನಗೆ ಹೋಗಿರೋದು ಮೊಣಕಾಲು, ಕಣ್ಣಲ್ಲ. ಅಂಗೈಲಿ ಈರುಳ್ಳಿ ಗಾತ್ರದ ಒಂದು ಜೇಬುಗಡಿಯಾರ ಇಟ್ಕೊಂಡು ಮರಿ ಹಕ್ಕಿ ನೋಡೋ ಹಾಗೆ ನೋಡ್ತಿದ್ದ. ಕರೆದ್ರೆ ಬೆಚ್ಚಿಬಿದ್ದ."

ಜೇಬುಗಡಿಯಾರದ ವಿಷಯ ನಾನು ಕೇಳುವುದಿಲ್ಲ. ನಾನು ಹಚ್ಚಿಕೊಟ್ಟದ್ದು ಎಲ್ಲಿದೆ?

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಯಾರಿಗೂ ಗೊತ್ತಾಗಲಿಲ್ಲ ಅಂತ ಬರೆದಿದ್ದೀಯ. ಯಾರಿಗೂ ಏನು ಗೊತ್ತಾಗಲಿಲ್ಲ, ಮಗಾ? ಅಜ್ಜಿ ಹಚ್ಚಿದ್ದು ಅಂತ ನೀನು ಹೇಳಿದ್ದರೆ ಗೊತ್ತಾಗುತ್ತಿತ್ತಲ್ಲ.

ಉತ್ತರ ಬರೆ.

ಅಜ್ಜಿ


ದುರಾಸ್ನೊ
9 ಸೆಪ್ಟೆಂಬರ್ 2013

ಮಾನ್ಯ ಎರ್ಮೆಲಿಂದಾ ಅವರಿಗೆ,

ನಾನು ನೆಲಿದಾ ಎಚೆವೆರ್ರಿ, ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ಪರಿಚಯವಿಲ್ಲ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಈ ಪಾರ್ಸೆಲ್‌ನಲ್ಲಿ ಒಂದು ಕೈಗಡಿಯಾರವಿದೆ.

ನನ್ನ ಅಣ್ಣ ಅನಕ್ಲೇತೊ ಹಾಲಿನ ಲಾರಿ ಓಡಿಸುತ್ತಿದ್ದ. ಮೊದಲ ಸಂಬಳದಲ್ಲಿ ಇಂಥದೇ ವಾಚು ಕೊಂಡಿದ್ದ. ನಮ್ಮ ನದಿ ಉಕ್ಕಿದ ವರ್ಷ ಲಾರಿ, ಅಣ್ಣ, ವಾಚು ಎಲ್ಲವೂ ಒಟ್ಟಿಗೇ ಹೋದವು. ಅವನ ಕೈಯಲ್ಲಿ ಇದ್ದಂಥದೇ ಒಂದು, ಕಾರ್ಖಾನೆಯಿಂದ ಬಂದ ಮೇಲೆ ಯಾರೂ ಮುಟ್ಟದ ಮುಖದ್ದು, ಸಾಯುವ ಮೊದಲು ನನಗೆ ಬೇಕಿತ್ತು. ಅವನು ನೋಡಿದ್ದ ಮುಖವನ್ನೇ ನಾನೂ ನೋಡಬೇಕೆಂಬ ಹುಚ್ಚು. ಹತ್ತು ವರ್ಷ ಹುಡುಕಿದೆ. ಕೊನೆಗೆ ಮಾಂಟೆವಿಡಿಯೊದ ಯುವಕರೊಬ್ಬರ ಬಳಿ ಇದು ಸಿಕ್ಕಿತು. ಹಣ ಬೇಡ ಎಂದರು, ನಮ್ಮ ತಂದೆಯ ಜೇಬುಗಡಿಯಾರವನ್ನು ಬದಲಿಗೆ ಕೇಳಿದರು. ತುಂಬಾ ಯೋಚಿಸಿ ಕೊಟ್ಟೆ. ಅಪ್ಪನದನ್ನು ಕೊಟ್ಟು ಅಣ್ಣನದನ್ನು ಮನೆಗೆ ತಂದಂತಾಯಿತು.

ಡಯಲ್ ಕೈ ಸೋಕದ್ದೆಂದು ಅವರು ಆಣೆ ಮಾಡಿ ಹೇಳಿದರು. ಸಂಶಯವಿದ್ದರೆ ಮಿನಾಸ್‌ನ ಎರ್ಮೆಲಿಂದಾ ಅವರನ್ನೇ ಕೇಳಿ, ಅವರು ಹೇಳಿದ ಮೇಲೆ ಮುಗಿಯಿತು ಎಂದರು. ನನಗೆ ಸಂಶಯವೇನಿಲ್ಲ. ನಿಮ್ಮ ಕೈಬರಹದ ಎರಡು ಸಾಲು ವಾಚಿನ ಜೊತೆ ಇಟ್ಟುಕೊಳ್ಳುವ ಆಸೆ, ಅಷ್ಟೇ.

ಗೌರವಗಳೊಂದಿಗೆ,
ನೆಲಿದಾ ಎಚೆವೆರ್ರಿ


ಮಾಂಟೆವಿಡಿಯೊ
11 ಸೆಪ್ಟೆಂಬರ್ 2013

ಅಜ್ಜಿ,

ಅವಸರದಲ್ಲಿ ಬರೆಯುತ್ತಿದ್ದೇನೆ. ದುರಾಸ್ನೊದಿಂದ ಒಬ್ಬ ಟೀಚರ್ ನಿನಗೆ ವಾಚು ಕಳಿಸಿರಬಹುದು. ನಿನ್ನ ಹೆಸರನ್ನು ಮಾತಿಗೆ ಹೇಳಿದ್ದೆ, ಆಕೆ ನಿಜವಾಗಿ ಕಳಿಸುತ್ತಾರೆ ಅಂದುಕೊಂಡಿರಲಿಲ್ಲ. ಸಿಟ್ಟಾಗಬೇಡ, ಮೊದಲು ಕೇಳು. ಆಕೆಯ ತಂದೆಯ ಜೇಬುಗಡಿಯಾರವನ್ನು ನೀನು ನೋಡಬೇಕಿತ್ತು. ನೂರು ವರ್ಷದ ಎನಾಮೆಲ್ ಡಯಲ್, ಒಂದು ಬಿರುಕಿಲ್ಲ, ಯಾರ ಕುಂಚವೂ ತಾಗಿಲ್ಲ! ಅಂಥದ್ದು ಜೀವಮಾನಕ್ಕೆ ಒಮ್ಮೆ. ಮರುಬಣ್ಣದ್ದು ಅಂದಿದ್ದರೆ ಆಕೆ ಕೊಡುತ್ತಿರಲಿಲ್ಲ. ಆಕೆಗೂ ಸಂತೋಷ, ನನಗೂ ಸಂತೋಷ, ಯಾರಿಗೆ ನಷ್ಟ?

ನೀನು ಸುಳ್ಳು ಬರೆಯಬೇಕಿಲ್ಲ. "ಡಯಲ್ ಬಹಳ ಚೆನ್ನಾಗಿದೆ" ಅಂತ ಬರೆ, ಅದು ನಿಜವೇ ತಾನೇ. ಮುಂದೆ ಯಾರಾದರೂ ಕೇಳಿದರೂ, ವಯಸ್ಸಾಯಿತು, ಕಣ್ಣು ಮಂಜು ಅಂದರೆ ನಿನ್ನನ್ನು ಯಾರು ತಪ್ಪು ಹಿಡಿಯುತ್ತಾರೆ?

ಗಾಸ್ತೋನ್


ಮಿನಾಸ್
17 ಸೆಪ್ಟೆಂಬರ್ 2013

ಟೀಚರಮ್ಮನವರಿಗೆ,

ಶಾಲೆಯಲ್ಲಿ ಮೂರೇ ವರ್ಷ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ಡಯಲ್ ಮರುಬಣ್ಣದ್ದು. ಈ ವರ್ಷ ಮೇ ತಿಂಗಳಲ್ಲಿ ಹಚ್ಚಿದ್ದು. ಹಚ್ಚಿದವಳು ನಾನು. ನಿಮಗೆ ಕೊಟ್ಟವನು ನನ್ನ ಮೊಮ್ಮಗ. ನಾನು ಹಚ್ಚಿದ ಡಯಲಿಗೆ ಆರರ ಕೆಳಗೆ ಒಂದು ಚುಕ್ಕೆ ಇರುತ್ತದೆ, ನೋಡಿದವರು ಮೋಸ ಹೋಗದಿರಲಿ ಅಂತ. ಇದಕ್ಕೆ ಇಡಲಿಲ್ಲ. ಆ ತಪ್ಪು ನನ್ನದು, ಅವನದಲ್ಲ. ಉಳಿದದ್ದು ಅವನದು.

ನಿಮ್ಮ ಅಪ್ಪಣೆ ಕೇಳದೆ ಆ ಚುಕ್ಕೆಯನ್ನು ಈಗ ಇಟ್ಟಿದ್ದೇನೆ. ಬರಬೇಕಾದದ್ದು ತಡವಾಗಿ ಬಂತು.

ಒಳಗಿನ ಮಷೀನು ನನ್ನ ಗಂಡನದು. ಅದು ಸುಳ್ಳಲ್ಲ, ದಿನಕ್ಕೆ ಅರ್ಧ ನಿಮಿಷವೂ ತಪ್ಪುವುದಿಲ್ಲ. ವಾಚನ್ನು ಇಟ್ಟುಕೊಳ್ಳುವುದು ಬಿಡುವುದು ನಿಮ್ಮಿಷ್ಟ. ನಿಮ್ಮ ತಂದೆಯ ಗಡಿಯಾರ ನಿಮ್ಮ ಬಾಗಿಲಿಗೆ ಬರುತ್ತದೆ. ನಿಮ್ಮ ಅಣ್ಣ ನೋಡಿದ ಮುಖವನ್ನು ಕೊಡುವ ಶಕ್ತಿ ನನ್ನ ಕುಂಚಕ್ಕಿಲ್ಲ.

ಎರ್ಮೆಲಿಂದಾ


ಮಿನಾಸ್
18 ಸೆಪ್ಟೆಂಬರ್ 2013

ಗಾಸ್ತೋನ್,

ಟೀಚರಮ್ಮನ ಪಾರ್ಸೆಲ್ ಬಂದ ದಿನ ನಾನು ಆಲೂಗಡ್ಡೆ ಬೇಯಲು ಇಟ್ಟಿದ್ದೆ. ಹತ್ತಿ ಬಿಚ್ಚಿದೆ. ಎಷ್ಟು ಅಚ್ಚುಕಟ್ಟಾಗಿ ಸುತ್ತಿದ್ದರು ಗೊತ್ತಾ, ಒಂದು ಬೆರಳಿನ ಗುರುತಿಲ್ಲ. ವಾರೆ ಹಿಡಿದೆ. ಗೆರೆಯಿಲ್ಲ. ಉಗುರಿಗೆ ಕಚ್ಚು ಸಿಕ್ಕಲಿಲ್ಲ. ಅಕ್ಷರ ಎಲ್ಲ ಒಂದೇ ತೂಕ. ನಿಮಿಷದ ಗೆರೆ ಅರವತ್ತು. ದೇವರಾಣೆಗೂ ಹೇಳುತ್ತೇನೆ, ಒಂದು ಕ್ಷಣ ನಾನೂ ಮೋಸಹೋದೆ. ಕೈ ಸೋಕದ್ದು ಅಂತ ಬರೆಯಲು ಅರ್ಧ ಹಾಳೆ ಹರಿದೂ ಆಗಿತ್ತು.

ಆಮೇಲೆ ಆರರ ಕೆಳಗೆ ಕಣ್ಣು ಹೋಯಿತು. ಅಭ್ಯಾಸ. ಮೂವತ್ತೊಂದಕ್ಕೂ ಮೂವತ್ತೆರಡಕ್ಕೂ ನಡುವೆ ಒಂದು ಕೂದಲಿನಷ್ಟು ಜಾಗ ಹೆಚ್ಚಿದೆ. ಬೇರೆ ಯಾವ ಎರಡು ಗೆರೆಗಳ ನಡುವೆಯೂ ಅಷ್ಟಿಲ್ಲ. ಚುಕ್ಕೆ ಕೂರಲೆಂದು ಐವತ್ತೈದು ವರ್ಷ ಆ ಎರಡು ಗೆರೆಗಳನ್ನು ಒಂಚೂರು ದೂರ ಎಳೆದ ಕೈ ಇದು. ನಾನು ಚುಕ್ಕೆ ಬಿಟ್ಟೆ, ಕೈ ಜಾಗ ಬಿಟ್ಟಿತ್ತು. ನಿನ್ನ ಕೂಟದ ಜಾಣರು ಹತ್ತು ನಿಮಿಷ ನೋಡಿದರಂತಲ್ಲ, ಅವರು ಇರುವುದನ್ನು ಹುಡುಕಿದರು. ಇಲ್ಲದ್ದನ್ನು ನಾನೊಬ್ಬಳೇ ಬಲ್ಲೆ.

ಹಿಂದಿನ ಮುಚ್ಚಳ ತೆಗೆದೆ. ಬಿಳಿ ಸ್ಕ್ರೂಗಳ ನಡುವೆ ಒಂದು ನೀಲಿ ಸ್ಕ್ರೂ. ನಮ್ಮ ಮನೆಯ ಅಲಾರಂ ಗಡಿಯಾರದಿಂದ ತೆಗೆದು ನಿನ್ನ ತಾತನ ಮಷೀನಿಗೆ ನಾನೇ ಹಾಕಿದ್ದು. ರುಫಿನೊ ನಕ್ಕಿದ್ದ, "ನನ್ ವಾಚಿಗೂ ನಿನ್ ಕಣ್ಣಿನ ಬಣ್ಣ ಹಾಕ್ದೆಯಾ" ಅಂತ. ಕಿವಿಗೆ ಹಿಡಿದು ಕೂತೆ. ಆಲೂಗಡ್ಡೆ ಸೀದು ಮನೆಯೆಲ್ಲ ಹೊಗೆ. ಸುಲ್ಮಾ ಬಂದು ಒಲೆ ಆರಿಸಿದಳು. ಸೀದ ಪಾತ್ರೆಯನ್ನೂ ಅವಳೇ ತಿಕ್ಕಿ ತೊಳೆದಿಟ್ಟು ಹೋದಳು.

ಎರಡು ದಿನ ನಾನು ನಿನ್ನ ಪರ ವಾದ ಮಾಡಿದೆ, ಗೊತ್ತಾ? ಹುಡುಗು ಬುದ್ಧಿ, ಆಸೆ, ಯಾರೋ ಕಿವಿ ಊದಿರಬೇಕು ಅಂತ. ಒಂದೇ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮಿನಾಸ್‌ನ ಎರ್ಮೆಲಿಂದಾಳನ್ನು ಕೇಳಿ ಅಂತ ಹೇಳಿದಾಗ ನೀನು ಏನನ್ನು ನಂಬಿದ್ದೆ? ಅಜ್ಜಿ ಕುರುಡಿ ಅಂತಲೋ, ಅಜ್ಜಿ ಸುಳ್ಳಿ ಅಂತಲೋ? ಕುರುಡಿ ಅಂದುಕೊಂಡಿದ್ದರೆ ನುಂಗಿಕೊಳ್ಳುತ್ತಿದ್ದೆ. ಆಮೇಲೆ ನಿನ್ನ ಕಾಗದ ಬಂತು. ಚೆನ್ನಾಗಿದೆ ಅಂತ ಬರೆ, ಕೇಳಿದರೆ ಕಣ್ಣು ಮಂಜು ಅನ್ನು. ಎರಡನ್ನೂ ನಂಬಿದ್ದೆ ನೀನು.

ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ನೀನು ಜಂತೆಯನ್ನೇ ಕಳಚಿಕೊಂಡು ಹೋದೆ.

ತಾತನ ಮಷೀನನ್ನು ನೀನು ಇನ್ನೊಬ್ಬರಿಗೆ ಕೊಟ್ಟೆ, ಅದು ನೋವು. ನನ್ನ ಹೆಸರನ್ನು ಜಾಮೀನು ಮಾಡಿದೆ, ಅದು ಅವಮಾನ. ಆದರೆ ನನಗೆ ಎಲ್ಲಕ್ಕಿಂತ ಚುಚ್ಚುತ್ತಿರುವುದು ಇನ್ನೊಂದು. ಯಾರ ಕುಂಚವೂ ತಾಗದ ಡಯಲ್ ಅಂತ ಹಿಗ್ಗಿ ಬರೆದಿದ್ದೀಯ. ಯಾರಿಗೆ ಬರೆಯುತ್ತಿದ್ದೀಯೆಂದು ನೆನಪಿತ್ತೇ? ಕುಂಚ ತಾಗಿಸಿಯೇ ನಿನ್ನ ಅಪ್ಪನನ್ನು ಸಾಕಿದವಳಿಗೆ. ಉಸಿರು ಹಿಡಿದು ಎಳೆದ ಅರವತ್ತು ಗೆರೆ ನಿನಗೆ ಬೇಕಾದದ್ದು, ಅವು ನನ್ನವೆಂದು ಯಾರಿಗೂ ತಿಳಿಯದಿದ್ದರೆ ಮಾತ್ರ. ಚುಕ್ಕೆ ಬೇಡ ಅಂದಾಗಲೇ ಹೇಳಿದ್ದೆ ನೀನು, ನನಗೇ ಕೇಳಿಸಲಿಲ್ಲ. ಮೇಷ್ಟ್ರು ಜಮೀನ್ದಾರನಿಗೆ ಬಾಗಿಲು ತೋರಿಸಿದರು. ನಾನು ಮೂಳೆ ತಂದು ಪುಚೆರೊ ಬೇಯಿಸಿದೆ.

ನಿನ್ನೆ ಮಾಟೆ ಕುಡಿಯದೆ ಕಿಟಕಿಯ ಪಕ್ಕ ಕೂತೆ. ವಾಚಿನ ಮುಳ್ಳು ತೆಗೆದೆ, ಕುಂಚಕ್ಕೆ ಕಪ್ಪು ಅದ್ದಿದೆ, ಚುಕ್ಕೆ ಇಟ್ಟೆ. ಕೈ ನಡುಗಲಿಲ್ಲ. ಜಾಗ ಸರಿಯಾಗಿ ಹಿಡಿಸಿತು. ಟೀಚರಮ್ಮನಿಗೆ ಎಲ್ಲ ಬರೆದು ಬೆಳಗಿನ ಬಸ್ಸಿಗೆ ಹಾಕಿದ್ದೇನೆ, ನೀನು ನನ್ನ ಮೊಮ್ಮಗ ಅನ್ನುವುದನ್ನೂ ಸೇರಿಸಿ. ತಾತನ ಮಷೀನು ಅದರ ಜೊತೆ ಹೋಯಿತು. ಅವರು ಕೊಟ್ಟರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕೇಳುವ ಮುಖ ನಿನಗೂ ಇಲ್ಲ, ನನಗೂ ಇಲ್ಲ.

ಬಸ್ ಆಫೀಸಿನ ಗ್ಲಾದಿಸ್‌ಗೆ ಹೇಳಿ ಬಂದೆ, ಇನ್ನು ನನ್ನ ಹೆಸರಿಗೆ ವಾಚಿನ ಪಾರ್ಸೆಲ್ ಬಂದರೆ ಬಂದ ಊರಿಗೇ ವಾಪಸ್ ಕಳಿಸು ಅಂತ.

"ಯಾಕಮ್ಮಾ, ಕಣ್ಣು ಕಾಣಿಸ್ತಿಲ್ವಾ?"

"ಕಣ್ಣು ಚೆನ್ನಾಗೇ ಕಾಣ್ತಿದೆ ಕಣೇ. ತಕ್ಕಡಿ ಕೆಟ್ಟಿದೆ."

ಒಂದು ಸಲ ಚುಕ್ಕೆ ಬಿಟ್ಟವಳ ಅರ್ಧ ಹಾಳೆಯನ್ನು ಇನ್ನು ಯಾರೂ ನಂಬಬಾರದು. ಅಷ್ಟು ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ. ನಿನ್ನದನ್ನು ಹೇಳುತ್ತೇನೆ, ಕೇಳು.

ಆ ಜೇಬುಗಡಿಯಾರವನ್ನು ದುರಾಸ್ನೊಗೆ ಒಯ್ಯಬೇಕು. ಪಾರ್ಸೆಲ್ ಮಾಡಬೇಡ, ನೀನೇ ಹೋಗು. ಟೀಚರಮ್ಮನ ಬಾಗಿಲಲ್ಲಿ ನಿಂತು, ನಾನು ಎರ್ಮೆಲಿಂದಾಳ ಮೊಮ್ಮಗ ಅಂತ ಮೊದಲು ಹೇಳು, ಆಮೇಲೆ ಉಳಿದದ್ದು. ಒಳಗೆ ಕರೆದರೆ ಹೋಗು, ಬೈದರೆ ಬೈಸಿಕೋ, ಅವರ ಅಣ್ಣನ ವಿಷಯ ಹೇಳಿದರೆ ಕೂತು ಕೇಳು. ವಾಚು ವಾಪಸ್ ಕೇಳಬೇಡ. ಗಡಿಯಾರವನ್ನು ಒಗೆದ ಹತ್ತಿಯಲ್ಲಿ ಸುತ್ತು. ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೋ. ಸೋಪು ಹಚ್ಚಿ.

ಹೋಗಿ ಬಂದ ಮೇಲೆ ನನಗೆ ಬರೆ. ಫೋನು ಮಾಡಿದರೆ ಎತ್ತುವುದಿಲ್ಲ, ಸುಲ್ಮಾಳ ಕೈಯಲ್ಲಿ ಹೇಳಿಸಿದರೆ ಕೇಳುವುದಿಲ್ಲ. ನಿನ್ನ ಕೈಬರಹದಲ್ಲೇ, ಪೂರ್ತಿ ಹೆಸರು ಕೆಳಗೆ ಹಾಕಿ, ಅಕ್ಟೋಬರ್ ಒಂದರ ಮೊದಲು ನಿನ್ನ ಉತ್ತರ ನನ್ನ ಮೇಜಿನ ಮೇಲಿರಬೇಕು.

ಎರ್ಮೆಲಿಂದಾ